ಬೆಳ್ಳಿತೆರೆಯ ಮೇಲಿನ ನ್ಯಾಯಾಸ್ಥಾನ

ಕೊಲೆಯ ಕಥೆಯೆಂದರೆ ಮೂಗು ಮುರಿಯುವ ವಿದ್ಯಾವಂತರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅದು ರೈಲು ಪ್ರಯಾಣದಲ್ಲಿ ಓದಿ, ಇಳಿಯುವ ನಿಲ್ದಾಣ ಬಂದೊಡನೆ ಮಣೆಯ ಮೇಲೆಯೇ ಬಿಟ್ಟುಹೋಗತಕ್ಕ ಪದಾರ್ಥವೆಂದು ಅವರ ಎಣಿಕೆ. ಈ ಅಭಿಪ್ರಾಯ ಪೂರ್ತಿಯಾಗಿ ತಪ್ಪೆಂದು ನಾನು ಹೇಳಲಾರೆ. ಕೊಂದವನು ಯಾರೆಂಬ ಒಂದೇ ಪ್ರಶ್ನೆಯ ಮೇಲೆ ನಿಂತ ಕಥೆಗೆ, ಉತ್ತರ ದೊರೆತ ಕೂಡಲೆ ಆಯುಸ್ಸು ಮುಗಿಯುತ್ತದೆ. ಬಿಡಿಸಿದ ಒಗಟನ್ನು ಯಾರೂ ಎರಡನೆಯ ಸಲ ಕೇಳುವುದಿಲ್ಲ. ಆದರೆ ಕೊಂದವನು ಯಾರೆಂಬುದನ್ನು ಮೊದಲೇ ನಮ್ಮ ಮುಂದಿಟ್ಟು, ಇವನನ್ನು ಏನು ಮಾಡೋಣ, ಹಾಗೆ ಮಾಡುವುದಕ್ಕೆ ನಾವು ಯಾರು ಎಂದು ಕೇಳತಕ್ಕ ಕಥೆಗಳೂ ಉಂಟು. ಇವುಗಳ ಆಯುಸ್ಸು ದೀರ್ಘವಾದುದು. ಶೂದ್ರಕನ ಮೃಚ್ಛಕಟಿಕದ ಒಂಬತ್ತನೆಯ ಅಂಕವನ್ನು ಬಲ್ಲವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಚಾರುದತ್ತನು ವಸಂತಸೇನೆಯನ್ನು ಕೊಂದಿಲ್ಲವೆಂದು ನಮಗೆ ಗೊತ್ತು. ನ್ಯಾಯಾಧಿಕಾರಿಗೂ ಅವನಲ್ಲಿ ಗೌರವವುಂಟು. ಆದರೂ ವಿದೂಷಕನ ಕಂಕುಳಿನಿಂದ ಒಡವೆಯ ಗಂಟು ಸಭೆಯ ನಡುವೆ ಜಾರಿ ಬಿದ್ದ ಕ್ಷಣದಲ್ಲಿ ಸಾಕ್ಷ್ಯವು ಪೂರ್ಣವಾಗುತ್ತದೆ, ನಿರಪರಾಧಿಯ ಕೊರಳಿಗೆ ಕಣಗಿಲೆಯ ಮಾಲೆ ಬೀಳುತ್ತದೆ. ಆಗ ನಾಟಕಶಾಲೆಯಲ್ಲಿ ಕುಳಿತ ನಾವು ನ್ಯಾಯಾಸ್ಥಾನವನ್ನೇ ಕಟಕಟೆಯಲ್ಲಿ ನಿಲ್ಲಿಸಿ ನೋಡುತ್ತೇವೆ.

ಚಲಚ್ಚಿತ್ರಕ್ಕೆ ಈ ವಿಷಯದಲ್ಲಿ ನಾಟಕಕ್ಕಿಲ್ಲದ ಒಂದು ಅನುಕೂಲವಿದೆ. ನಾಟಕದಲ್ಲಿ ಅಪರಾಧಿ ರಂಗದ ಮೇಲೆ, ನಾವು ಕುರ್ಚಿಯ ಮೇಲೆ. ನಡುವಣ ದೂರ ಕಡೆಯವರೆಗೂ ಬದಲಾಗದು. ಚಿತ್ರದಲ್ಲಾದರೋ ನಾವು ಅಪರಾಧಿಯ ಬೆನ್ನ ಹಿಂದೆ ನಡೆಯುತ್ತೇವೆ, ಅವನ ಕಿವಿಯಿಂದಲೇ ಕೇಳುತ್ತೇವೆ, ಅವನು ಬಚ್ಚಿಟ್ಟುಕೊಂಡ ಕತ್ತಲೆಯಲ್ಲಿ ಅವನೊಡನೆ ಉಸಿರು ಬಿಗಿಹಿಡಿಯುತ್ತೇವೆ. ಯಾರ ಪಕ್ಷ ವಹಿಸಬೇಕೆಂದು ಬುದ್ಧಿ ಹೇಳುವುದಕ್ಕೆ ಮುಂಚೆಯೇ ಕಣ್ಣು ಪಕ್ಷ ವಹಿಸಿಬಿಟ್ಟಿರುತ್ತದೆ. ಈ ಅನುಕೂಲವನ್ನು, ಅಥವಾ ಈ ಅಪಾಯವನ್ನು, ಚೆನ್ನಾಗಿ ಅರಿತು ಬಳಸಿದ ನಿರ್ದೇಶಕರಲ್ಲಿ ಫ್ರಿಟ್ಸ್ ಲಾಂಗ್ ಎಂಬಾತ ಮುಖ್ಯನು. 1890ರಲ್ಲಿ ವಿಯೆನ್ನಾ ನಗರದಲ್ಲಿ ಹುಟ್ಟಿ, ಬರ್ಲಿನ್ನಿನಲ್ಲಿ ಹೆಸರು ಪಡೆದು, ನಾಟ್ಸಿಗಳ ಆಳ್ವಿಕೆ ಬಂದ 1933ರಲ್ಲಿ ಜರ್ಮನಿಯನ್ನು ತ್ಯಜಿಸಿ, ಅಮೆರಿಕೆಯನ್ನು ಸೇರಿ, 1976ರಲ್ಲಿ ಅಲ್ಲಿಯೇ ತೀರಿಕೊಂಡವನು. ಆತನ ಮೂರು ಚಿತ್ರಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರೆ, ಒಂದೇ ಪ್ರಶ್ನೆಯನ್ನು ಹದಿನಾಲ್ಕು ವರ್ಷ ಬಿಡದೆ ಕೇಳಿದ್ದಾನೆಂದು ತೋರುತ್ತದೆ. ಅಪರಾಧವಾದದ್ದು ನಿಜ, ತೀರ್ಪು ಹೇಳುವ ಅಧಿಕಾರ ಯಾರದು?

ಮೊದಲನೆಯದು 1931ರ ಮೇ ತಿಂಗಳಲ್ಲಿ ಬರ್ಲಿನ್ನಿನಲ್ಲಿ ತೆರೆಕಂಡ "ಎಂ". ಕೊಲೆಗಾರನೆಂಬ ಅರ್ಥದ ಜರ್ಮನ್ ಶಬ್ದದ ಮೊದಲ ಅಕ್ಷರವೇ ಚಿತ್ರದ ಹೆಸರು. ಲಾಂಗನಿಗೆ ಇದು ಪ್ರಥಮ ವಾಕ್ಚಿತ್ರ. ಕಥೆಯನ್ನು ಆತನೂ ಆತನ ಪತ್ನಿ ಥೇಯಾ ಫಾನ್ ಹಾರ್ಬೂ ಎಂಬ ಲೇಖಕಿಯೂ ಸೇರಿ ಬರೆದರು. (ಪತಿ ದೇಶ ಬಿಟ್ಟರೂ ಆಕೆ ಜರ್ಮನಿಯಲ್ಲಿಯೇ ಉಳಿದು ನಾಟ್ಸಿ ಪಕ್ಷವನ್ನು ಸೇರಿದಳು, ಲಾಂಗನಿಂದ ವಿಚ್ಛೇದನ ಪಡೆದು ಆಕೆ ಗುಟ್ಟಾಗಿ ವರಿಸಿದ್ದು, ಮುಂದೆ ಬೆಳಗಾವಿಯಲ್ಲಿ ಪತ್ರಿಕೆ ನಡೆಸಿದ ಆಯಿ ತೆಂಡುಲ್ಕರರನ್ನು ಎಂಬುದು ನಮ್ಮವರಿಗೆ ಕುತೂಹಲದ ಸಂಗತಿ.) ಆ ಕಾಲದಲ್ಲಿ ಜರ್ಮನಿಯ ಜನ ಇಂಥ ಕಥೆಯನ್ನು ಕಲ್ಪನೆಯೆಂದು ತಳ್ಳಿಹಾಕುವಂತಿರಲಿಲ್ಲ. ಡ್ಯೂಸೆಲ್‌ಡಾರ್ಫಿನಲ್ಲಿ ಸಾಲುಕೊಲೆಗಳನ್ನು ಮಾಡಿದ ಪೀಟರ್ ಕ್ಯೂರ್ಟನ್ ಎಂಬವನಿಗೆ ಏಪ್ರಿಲ್‌ನಲ್ಲಷ್ಟೇ ಮರಣದಂಡನೆ ವಿಧಿಸಲಾಗಿತ್ತು. ಚಿತ್ರ ತೆರೆಕಂಡಾಗ ಅವನು ಸೆರೆಮನೆಯಲ್ಲಿ ದಿನ ಎಣಿಸುತ್ತಿದ್ದನು. ಜುಲೈ ತಿಂಗಳಲ್ಲಿ ಅವನ ತಲೆ ಹಾರಿತು.

ಚಿತ್ರದ ಕಥೆ ಇಷ್ಟು. ನಗರದಲ್ಲಿ ಎಳೆಯ ಹೆಣ್ಣುಮಕ್ಕಳು ಒಬ್ಬರಾದ ಮೇಲೊಬ್ಬರು ಕಾಣೆಯಾಗಿ ಕೊಲೆಯಾಗುತ್ತಿದ್ದಾರೆ. ಎಲ್ಸಿ ಎಂಬ ಹುಡುಗಿ ಶಾಲೆಯಿಂದ ಬರಲಿಲ್ಲ. ತಾಯಿ ಕಾಯುತ್ತಾಳೆ, ಗಡಿಯಾರ ನೋಡುತ್ತಾಳೆ, ಮಹಡಿಯ ಮೆಟ್ಟಲಿನ ಕಡೆಗೆ ಬಗ್ಗಿ ಹೆಸರು ಹಿಡಿದು ಕೂಗುತ್ತಾಳೆ. ಕೂಗು ಕೇಳಿಬರುತ್ತಿರುವಾಗ ತೆರೆಯ ಮೇಲೆ ತೋರುವುದು ಬರಿದಾದ ಮೆಟ್ಟಲು, ಬಟ್ಟೆ ಒಣಹಾಕುವ ಬರಿದಾದ ಅಟ್ಟ, ಊಟಕ್ಕಿಟ್ಟ ಬರಿದಾದ ತಟ್ಟೆ. ಅನಂತರ ಹುಲ್ಲಿನ ಮೇಲೆ ಒಂದು ಚೆಂಡು ಉರುಳಿ ಬಂದು ನಿಲ್ಲುತ್ತದೆ. ತಂತಿಕಂಬದ ತಂತಿಗೆ ಬಲೂನೊಂದು ಸಿಕ್ಕಿಕೊಂಡು ಒದ್ದಾಡುತ್ತದೆ. ಕೊಲೆಯನ್ನು ನಾವು ನೋಡುವುದೇ ಇಲ್ಲ. ರಕ್ತವನ್ನು ಬಕೆಟ್ಟಿನಲ್ಲಿ ಚೆಲ್ಲುವ ಈಚಿನ ಚಿತ್ರಗಳನ್ನು ನೋಡಿ ಬೇಸತ್ತವರು ಈ ಕೆಲವು ನಿಮಿಷಗಳನ್ನು ಒಮ್ಮೆ ನೋಡಬೇಕು. ತೋರಿಸದೆ ಉಳಿಸಿದ್ದನ್ನು ನಮ್ಮ ಮನಸ್ಸೇ ತುಂಬಿಕೊಳ್ಳುತ್ತದೆ. ಹೀಗೆ ತುಂಬಿಕೊಂಡ ಮೇಲೆ ಕೊಲೆಗಾರನ ಮೇಲೆ ನಮಗೆ ಹುಟ್ಟುವ ರೋಷಕ್ಕೆ ಮಿತಿಯಿರುವುದಿಲ್ಲ. ಲಾಂಗನಿಗೆ ಬೇಕಾಗಿದ್ದದ್ದೂ ಅದೇ. ನಮ್ಮ ರೋಷವನ್ನು ಪೂರ್ತಿಯಾಗಿ ಎಬ್ಬಿಸಿ, ಆಮೇಲೆ ಅದನ್ನು ನಮ್ಮ ಮುಂದೆಯೇ ಬಿಚ್ಚಿ ಹರಡುತ್ತಾನೆ.

ಮೊದಲು ಊರಿನ ಭಯವನ್ನು ತೋರಿಸುತ್ತಾನೆ. ಬೀದಿಯಲ್ಲಿ ಪುಟ್ಟ ಹುಡುಗಿಯೊಬ್ಬಳು ಕನ್ನಡಕದ ಬಡಪಾಯಿಯೊಬ್ಬನನ್ನು ಗಂಟೆಯೆಷ್ಟೆಂದು ಕೇಳುತ್ತಾಳೆ. ಅವನು ಹೇಳುತ್ತಾನೆ. ಅಷ್ಟಕ್ಕೇ ದಾರಿಹೋಕನೊಬ್ಬನು ಅವನನ್ನು ತಡೆದು ನಿನಗೂ ಮಗುವಿಗೂ ಏನು ಮಾತು ಎಂದು ಗದರಿಸುತ್ತಾನೆ, ಜನ ಸೇರುತ್ತದೆ, ಕೊಲೆಗಾರ ಸಿಕ್ಕಿದನೆಂಬ ಕೂಗು ಏಳುತ್ತದೆ. ತೊಂಬತ್ತು ವರ್ಷಗಳ ಹಿಂದಿನ ಪರದೇಶದ ಚಿತ್ರವೆಂದು ನಾವು ಇದನ್ನು ನೋಡಿ ಸುಮ್ಮನಿರುವಂತಿಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸವನ್ನರಸಿ ಹೊರಪ್ರಾಂತದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಭ್ರಮಿಸಿ ಜನರು ಹೊಡೆದು ಕೊಂದರು. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಮಕ್ಕಳಿಗೆ ಚಾಕೊಲೇಟು ಕೊಟ್ಟರೆಂಬುದೇ ಕಾರಣವಾಗಿ, ಹೈದರಾಬಾದಿನಿಂದ ಬಂದಿದ್ದ ತಂಡದ ಮೇಲೆ ಗುಂಪು ಬಿದ್ದು ಒಬ್ಬ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ಬರ್ಲಿನ್ನಿನಲ್ಲಿ ಗೋಡೆಗೆ ಅಂಟಿಸಿದ ಭಿತ್ತಿಪತ್ರ ಮಾಡಿದ ಕೆಲಸವನ್ನು ಇಲ್ಲಿ ವಾಟ್ಸಾಪು ಮಾಡಿತು. ಬಾಯಿಯಿಂದ ಕಿವಿಗೆ, ಕಿವಿಯಿಂದ ಕೈಗೆ ಇಳಿಯುವ ಆ ರೋಷ ಮಾತ್ರ ಅದೇ.

ಪೋಲೀಸಿನವರು ಹಗಲೂ ಇರುಳೂ ಶೋಧಿಸುತ್ತಾರೆ. ದಾಳಿಗಳ ಉಪಟಳದಿಂದ ಕಳ್ಳರ ಕಸಬಿಗೇ ಕುತ್ತು ಬರುತ್ತದೆ. ತಿಜೋರಿ ಒಡೆಯುವವರು, ಜೇಬುಗಳ್ಳರು, ಜೂಜುಕೋರರು ಒಟ್ಟು ಸೇರಿ ಈ ಕೊಲೆಗಾರನನ್ನು ತಾವೇ ಹಿಡಿಯಬೇಕೆಂದು ನಿಶ್ಚಯಿಸುತ್ತಾರೆ. ಈ ಎರಡು ಸಭೆಗಳನ್ನೂ ಲಾಂಗ್ ಹೆಣೆದಿರುವ ಚಮತ್ಕಾರವನ್ನು ಹೇಳದೆ ಮುಂದೆ ಹೋಗಲಾರೆ. ಕಳ್ಳರ ನಾಯಕನು ಕೈಯೆತ್ತಿ ಆರಂಭಿಸಿದ ಅಭಿನಯವನ್ನು ಪೋಲೀಸ್ ಅಧಿಕಾರಿ ಇನ್ನೊಂದು ಕೋಣೆಯಲ್ಲಿ ಮುಗಿಸುತ್ತಾನೆ. ಎರಡು ಮೇಜಿನ ಮೇಲೂ ಅದೇ ಹೊಗೆ, ಅದೇ ಬೇಸರ, ಅದೇ ಕಾರ್ಯಾಲೋಚನೆ. ಸ್ವಲ್ಪ ಹೊತ್ತಿನಲ್ಲಿ ಯಾರು ಯಾವ ಪಕ್ಷವೆಂದು ಗುರುತಿಸುವುದಕ್ಕೇ ನಾವು ತಡವರಿಸುತ್ತೇವೆ. ಕಳ್ಳರು ಊರಿನ ಭಿಕ್ಷುಕರಿಗೆಲ್ಲ ಬೀದಿಬೀದಿಯ ಕಾವಲನ್ನು ಹಂಚಿಕೊಡುತ್ತಾರೆ. ಕೊನೆಗೆ ಕೊಲೆಗಾರನನ್ನು ಗುರುತಿಸುವವನು ಒಬ್ಬ ಕುರುಡ, ಬಲೂನು ಮಾರುವವನು. ಎಲ್ಸಿಗೆ ಬಲೂನು ಕೊಂಡುಕೊಟ್ಟವನು ಸಿಳ್ಳಿನಲ್ಲಿ ನುಡಿಸುತ್ತಿದ್ದ ರಾಗವನ್ನೇ, ನಾರ್ವೆಯ ಗ್ರೀಗ್ ರಚಿಸಿದ ಪ್ರಸಿದ್ಧ ಗತಿಯನ್ನು, ಮತ್ತೊಮ್ಮೆ ಕೇಳಿ ಅವನು ಬೆಚ್ಚುತ್ತಾನೆ. ವಾಕ್ಚಿತ್ರ ಹುಟ್ಟಿ ನಾಲ್ಕು ವರ್ಷವಾಗಿತ್ತು. ಉಳಿದವರು ಧ್ವನಿಯನ್ನು ಹಾಡಿಗೂ ಹರಟೆಗೂ ವ್ಯಯಿಸುತ್ತಿದ್ದಾಗ, ಲಾಂಗ್ ಅದನ್ನು ಸಾಕ್ಷಿಯ ಕಟಕಟೆಗೆ ಕರೆದನು. ಮುಂದೆ ಹುಡುಗನೊಬ್ಬನು ಅಂಗೈಯಲ್ಲಿ ಸೀಮೆಸುಣ್ಣದಿಂದ ಆ ಅಕ್ಷರವನ್ನು ಬರೆದುಕೊಂಡು, ಎಡವಿದವನಂತೆ ನಟಿಸಿ, ಕೊಲೆಗಾರನ ಭುಜಕ್ಕೆ ಒತ್ತುತ್ತಾನೆ. ಜೊತೆಯಲ್ಲಿದ್ದ ಮಗುವೇ ಕೋಟು ಮಲಿನವಾಗಿದೆಯೆಂದು ಅವನಿಗೆ ತೋರಿಸುತ್ತದೆ. ಅವನು ಕನ್ನಡಿಯಲ್ಲಿ ತಿರುಗಿ ತನ್ನ ಬೆನ್ನನ್ನು ನೋಡಿಕೊಳ್ಳುವ ಆ ಮುಖವನ್ನು ಒಮ್ಮೆ ಕಂಡವರು ಮರೆಯರು.

ಇಲ್ಲಿಂದ ಮುಂದೆ ನಮ್ಮ ಮನಸ್ಸಿನಲ್ಲಿ ವಿಚಿತ್ರವಾದ ವ್ಯತ್ಯಾಸ ಆಗತೊಡಗುತ್ತದೆ. ಅಟ್ಟಿಸಿಕೊಂಡು ಬಂದವರಿಗೆ ಹೆದರಿ ಅವನು ಕಚೇರಿಗಳ ಕಟ್ಟಡವೊಂದರ ಅಟ್ಟದಲ್ಲಿ ಅಡಗುತ್ತಾನೆ. ಕಳ್ಳರು ತಮ್ಮ ಆಯುಧಗಳನ್ನೆಲ್ಲ ತಂದು ಬಾಗಿಲುಗಳನ್ನು ಒಂದೊಂದಾಗಿ ಒಡೆಯುತ್ತಾರೆ. ಕತ್ತಲೆಯಲ್ಲಿ ಅವನು ಉಸಿರು ಹಿಡಿದು ಕುಳಿತಿರುವಾಗ, ಸಿಕ್ಕಿಬೀಳದಿರಲೆಂದು ಒಂದು ಕ್ಷಣ ನಮಗೂ ಅನ್ನಿಸುತ್ತದೆ. ಹಾಗೆ ಅನ್ನಿಸಿದ್ದಕ್ಕೆ ಮರುಕ್ಷಣವೇ ನಾಚಿಕೆಯಾಗುತ್ತದೆ. ಪಾಳುಬಿದ್ದ ಸಾರಾಯಿಯ ಭಟ್ಟಿಯಲ್ಲಿ ಕಳ್ಳರ ನ್ಯಾಯಾಸ್ಥಾನ ಸೇರುತ್ತದೆ. ಅಧ್ಯಕ್ಷನು ಷ್ರೆಂಕರ್ ಎಂಬ ನಾಯಕ. ಅವನೇ ಮೂರು ಪ್ರಾಣಹರಣದ ಮೊಕದ್ದಮೆಗಳಲ್ಲಿ ಪೋಲೀಸಿನವರಿಗೆ ಬೇಕಾದವನು! ವಿಧಿವತ್ತಾಗಿ ಆಪಾದಿತನಿಗೆ ಒಬ್ಬ ವಕೀಲನನ್ನೂ ನೇಮಿಸುತ್ತಾರೆ. ಪೀಟರ್ ಲೋರೆ ಎಂಬ ನಟನು ಕೊಲೆಗಾರನ ಪಾತ್ರದಲ್ಲಿ ಅಲ್ಲಿ ಆಡುವ ಮಾತುಗಳೇ ಈ ಚಿತ್ರದ ಹೃದಯ. ನೀವು ಕಳ್ಳತನವನ್ನು ಬೇಕೆಂದು ಮಾಡುತ್ತೀರಿ, ಒಂದು ಕಸಬನ್ನು ಕಲಿತರೆ ಬಿಟ್ಟುಬಿಡಬಲ್ಲಿರಿ. ನನ್ನ ಬೆನ್ನ ಹಿಂದೆ ನಾನೇ ನಡೆದು ಬರುತ್ತಿರುತ್ತೇನೆ, ನನ್ನಿಂದ ನಾನು ತಪ್ಪಿಸಿಕೊಳ್ಳುವುದೆಂತು ಎಂಬ ಅರ್ಥದಲ್ಲಿ ಅವನು ಗೋಳಿಡುತ್ತಾನೆ. ಕೇಳುತ್ತಿರುವ ಕಳ್ಳರಲ್ಲಿ ಕೆಲವರು ತಮಗೆ ತಿಳಿಯದಂತೆಯೇ ತಲೆಯಾಡಿಸುತ್ತಾರೆ. ಸ್ವಾಧೀನವಿಲ್ಲದೆ ಮಾಡಿದ ಕೃತ್ಯಕ್ಕೆ ಶಿಕ್ಷೆಯಿಲ್ಲ, ಇವನನ್ನು ವೈದ್ಯರಿಗೆ ಒಪ್ಪಿಸಿರೆಂದು ವಕೀಲನು ವಾದಿಸುತ್ತಾನೆ. ವೈದ್ಯರು ವಾಸಿಮಾಡಿ ಬಿಟ್ಟರೆ ಮತ್ತೆ ಮಗುವೊಂದು ಸಾಯುತ್ತದೆಯೆಂದು ಸಭೆ ಗರ್ಜಿಸುತ್ತದೆ.

ಇಬ್ಬರ ವಾದದಲ್ಲಿಯೂ ನಿಜವಿದೆಯೆಂಬುದೇ ಕಷ್ಟ. ಲಾಂಗ್ ಆ ಕಷ್ಟವನ್ನು ಪರಿಹರಿಸುವುದಿಲ್ಲ. ಪೋಲೀಸಿನವರು ಬರುತ್ತಾರೆ; ಗುಂಪಿನ ಕೈ ಮೇಲಕ್ಕೇಳುತ್ತದೆ; ಒಂದು ಕೈ ಕೊಲೆಗಾರನ ಭುಜದ ಮೇಲೆ ಕಾನೂನಿನ ಹೆಸರಿನಲ್ಲಿ ಬೀಳುತ್ತದೆ. ನಿಜವಾದ ನ್ಯಾಯಾಧೀಶರು ಬಂದು ಕುಳಿತುಕೊಳ್ಳುತ್ತಾರೆ, ಆದರೆ ತೀರ್ಪು ನಮ್ಮ ಕಿವಿಗೆ ಬೀಳುವುದಿಲ್ಲ. ಶಿಕ್ಷೆಯಿಂದ ಮಕ್ಕಳು ಹಿಂದಿರುಗಿ ಬಾರರೆಂದು ಎಲ್ಸಿಯ ತಾಯಿ ಅಳುತ್ತಿರುವಂತೆಯೇ ಚಿತ್ರ ಮುಗಿಯುತ್ತದೆ. ಈ ಚಿತ್ರಕ್ಕೆ ಆಮೇಲೆ ಒದಗಿದ ಗತಿಯನ್ನೂ ಹೇಳಬೇಕು. 1934ರಲ್ಲಿ ನಾಟ್ಸಿ ಸರಕಾರ ಇದನ್ನು ನಿಷೇಧಿಸಿತು. 1940ರಲ್ಲಿ ಯೆಹೂದ್ಯರ ಮೇಲೆ ವಿಷ ಕಾರಲು ಅವರು ತಯಾರಿಸಿದ ಪ್ರಚಾರ ಚಿತ್ರದಲ್ಲಿ, ಯೆಹೂದ್ಯನಾದ ಲೋರೆಯ ಈ ಗೋಳಾಟವನ್ನೇ ಕತ್ತರಿಸಿ ಸೇರಿಸಿ, ಆ ಜನಾಂಗದ ಸ್ವಭಾವಕ್ಕೆ ಇದು ಸಾಕ್ಷಿಯೆಂದು ತೋರಿಸಿದರು. ಕಳ್ಳರಾದರೂ ಆಪಾದಿತನಿಗೆ ಒಬ್ಬ ವಕೀಲನನ್ನು ಕೊಟ್ಟಿದ್ದರು.

ಎರಡನೆಯ ಚಿತ್ರ 1936ರಲ್ಲಿ ಅಮೆರಿಕೆಯಲ್ಲಿ ಲಾಂಗ್ ನಿರ್ದೇಶಿಸಿದ "ಫ್ಯೂರಿ", ಎಂದರೆ ರೋಷ. "ಎಂ" ಚಿತ್ರದಲ್ಲಿ ಗುಂಪಿನ ಕೈಗೆ ಸಿಕ್ಕವನು ನಿಜವಾದ ಕೊಲೆಗಾರ. ಇಲ್ಲಿ ಸಿಕ್ಕವನು ನಿರಪರಾಧಿ. ಜೋ ವಿಲ್ಸನ್ ಎಂಬ ಸಾಧುಮನುಷ್ಯನು, ಮದುವೆಯಾಗಬೇಕಾದ ಹುಡುಗಿಯನ್ನು ಕಾಣಲು ಕಾರಿನಲ್ಲಿ ಹೋಗುತ್ತಿರುವಾಗ, ಸಣ್ಣ ಊರೊಂದರ ಬಳಿ ಅವನನ್ನು ಅಪಹರಣದ ಸಂಶಯದ ಮೇಲೆ ಹಿಡಿಯುತ್ತಾರೆ. ಸಾಕ್ಷ್ಯವೇನು? ಜೇಬಿನಲ್ಲಿ ಕೆಲವು ಕಡಲೆಕಾಯಿ ಬೀಜ, ಮತ್ತು ಅಪಹರಣಕಾರರಿಗೆ ಕೊಟ್ಟ ಹಣದ ಸಂಖ್ಯೆಗೆ ತಾಳೆಯಾಗುವ ಒಂದು ಐದು ಡಾಲರಿನ ನೋಟು. ಸುದ್ದಿ ಕ್ಷೌರದಂಗಡಿಯಿಂದ ಅಡಿಗೆಮನೆಗೆ, ಅಲ್ಲಿಂದ ಪಾನಗೃಹಕ್ಕೆ ಹೋಗುತ್ತ ಹೋಗುತ್ತ ಬೆಳೆಯುತ್ತದೆ. ಹೆಂಗಸರು ಪಿಸುಗುಟ್ಟುತ್ತಿರುವ ದೃಶ್ಯದಿಂದ ಲಾಂಗ್ ಒಮ್ಮೆಗೇ ಕೊಕ್ಕರಿಸುವ ಕೋಳಿಗಳನ್ನು ತೋರಿಸುತ್ತಾನೆ. ಈ ಹೋಲಿಕೆ ಸ್ವಲ್ಪ ಒರಟಾಯಿತು. ಗಂಡಸರಿಗೆ ತಕ್ಕ ಪ್ರಾಣಿಯೊಂದನ್ನೂ ಆತ ಹುಡುಕಬೇಕಾಗಿತ್ತು. ಸಂಜೆಯ ವೇಳೆಗೆ ಊರು ಸೆರೆಮನೆಗೆ ಮುತ್ತಿಗೆ ಹಾಕಿ ಬೆಂಕಿಯಿಡುತ್ತದೆ. ತಾಯಿಯೊಬ್ಬಳು ಮಗುವಿಗೆ ಚೆನ್ನಾಗಿ ಕಾಣಲೆಂದು ಎತ್ತಿ ಹಿಡಿಯುತ್ತಾಳೆ.

ಇದೂ ಬರಿಯ ಕಲ್ಪನೆಯಲ್ಲ. 1933ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸಾನ್ ಹೊಸೆ ನಗರದಲ್ಲಿ, ಅಪಹರಣ ಮತ್ತು ಕೊಲೆಯ ಆಪಾದನೆಯ ಮೇಲೆ ಬಂಧಿತರಾಗಿದ್ದ ಇಬ್ಬರನ್ನು ಗುಂಪು ಸೆರೆಮನೆಯಿಂದ ಎಳೆದುತಂದು ಉದ್ಯಾನದ ಮರಗಳಿಗೆ ನೇಣುಹಾಕಿತ್ತು. ಆ ಪ್ರಾಂತದ ಗವರ್ನರರೇ ಅದನ್ನು ಮೆಚ್ಚಿ ಮಾತನಾಡಿದ್ದರು. ಆದರೆ ಚಿತ್ರವು ಒಂದು ಸತ್ಯವನ್ನು ಮರೆಮಾಡಿದೆಯೆಂಬುದನ್ನು ಹೇಳದಿದ್ದರೆ ನ್ಯಾಯವಾಗದು. ಟಸ್ಕೆಗೀ ವಿದ್ಯಾಸಂಸ್ಥೆಯ ಲೆಕ್ಕದ ಪ್ರಕಾರ 1882ರಿಂದ 1968ರವರೆಗೆ ಅಮೆರಿಕೆಯಲ್ಲಿ ಹೀಗೆ ಗುಂಪಿನ ಕೈಯಲ್ಲಿ ಸತ್ತವರು 4,743 ಮಂದಿ. ಅವರಲ್ಲಿ 3,446 ಮಂದಿ ಕರಿಯ ಜನಾಂಗದವರು. ಚಿತ್ರದಲ್ಲಿ ಬೆಂಕಿಗೆ ಸಿಕ್ಕವನು ಬಿಳಿಯನು. ಹಾಗಲ್ಲದೆ ಆ ಕಾಲದ ಹಾಲಿವುಡ್ಡಿನಲ್ಲಿ ಈ ಚಿತ್ರ ಹೊರಬರುತ್ತಿರಲಿಲ್ಲವೆಂದು ಸಮರ್ಥಿಸಬಹುದು. ಆದರೂ ಕೊರತೆ ಕೊರತೆಯೇ.

ಜೋ ಸಾಯಲಿಲ್ಲ. ಬೆಂದ ಮೈಯೊಡನೆ ತಪ್ಪಿಸಿಕೊಂಡು ಬಂದು, ಸತ್ತವನೆಂದೇ ಲೋಕ ನಂಬಿರಲಿ ಎಂದು ಅಡಗಿ ಕುಳಿತು, ತನ್ನ ತಮ್ಮಂದಿರ ಮೂಲಕ ಆ ಊರಿನ 22 ಮಂದಿಯ ಮೇಲೆ ಕೊಲೆಯ ಮೊಕದ್ದಮೆ ನಡೆಯುವಂತೆ ಮಾಡುತ್ತಾನೆ. ಗಲ್ಲಿಗೆ ಏರಿಸುವುದೇ ಅವನ ಸಂಕಲ್ಪ. ನ್ಯಾಯಾಸ್ಥಾನದಲ್ಲಿ ಊರಿಗೆ ಊರೇ ಸುಳ್ಳು ಹೇಳುತ್ತದೆ. ಆ ರಾತ್ರಿ ನಾನು ಅಲ್ಲಿರಲಿಲ್ಲ, ನಾನು ನೋಡಲಿಲ್ಲ. ಆಗ ಸರಕಾರದ ವಕೀಲನು ವಾರ್ತಾಚಿತ್ರದವರು ಆ ರಾತ್ರಿ ತೆಗೆದಿದ್ದ ಸುರುಳಿಯನ್ನು ತರಿಸಿ ತೋರಿಸುತ್ತಾನೆ. ಬೆಂಕಿಯ ಬೆಳಕಿನಲ್ಲಿ ವಿಕಾರವಾದ ತಮ್ಮ ಮುಖಗಳನ್ನು ಮರ್ಯಾದಸ್ಥರು ಕಟಕಟೆಯಿಂದ ನೋಡಿಕೊಳ್ಳುತ್ತಾರೆ. ಚಲಚ್ಚಿತ್ರವೇ ಸಾಕ್ಷಿಯಾಗಿ ಬರುವ ಈ ದೃಶ್ಯದಲ್ಲಿ ಲಾಂಗ್ ತನ್ನ ಕಲೆಯನ್ನು ಹೊಗಳಿಕೊಂಡಿದ್ದಾನೆಂದು ಮೊದಲು ತೋರುತ್ತದೆ. ಆದರೆ ಸುರುಳಿ ಹೇಳಿದ್ದು ಅರ್ಧ ಸತ್ಯ. ಅವರು ಬೆಂಕಿಯಿಟ್ಟದ್ದು ನಿಜ. ಅದರಿಂದ ಮನುಷ್ಯನು ಸತ್ತನೆಂಬುದು ಸುಳ್ಳು. ಕಣ್ಣಾರೆ ಕಂಡ ಸಾಕ್ಷ್ಯದ ಬಲದಿಂದಲೇ, ಆಗದ ಕೊಲೆಗಾಗಿ 22 ಮಂದಿ ಪ್ರಾಣ ತೆರಬೇಕಾಗುತ್ತದೆ, ಮತ್ತು ಆ 22 ಕೊಲೆಗಳ ಕರ್ತೃ ನಮ್ಮ ಸಾಧುಮನುಷ್ಯ ಜೋ. ನಾವು? ಮೊದಲ ಅರ್ಧದಲ್ಲಿ ಅವನಿಗಾಗಿ ಮರುಗಿದವರು, ಎರಡನೆಯ ಅರ್ಧದಲ್ಲಿ ಅವನ ಸೇಡಿಗೆ ಮನಸ್ಸಿನಲ್ಲಿಯೇ ಸೈ ಎಂದವರು.

ಅವನ ಗುಟ್ಟನ್ನು ಕಂಡುಹಿಡಿಯುವವಳು ಅವನು ವರಿಸಬೇಕೆಂದಿದ್ದ ಹುಡುಗಿ. ಸಾಕ್ಷ್ಯವಾಗಿ ಬಂದ ಅನಾಮಧೇಯ ಪತ್ರದಲ್ಲಿ "ಮೆಮೆಂಟೊ" ಎಂಬ ಶಬ್ದವನ್ನು "ಮೆಮೆಂಟಮ್" ಎಂದು ಬರೆದಿದೆ; ಹಾಗೆ ತಪ್ಪು ಬರೆಯುವವನು ಅವಳ ಜೋ. ಪ್ರೀತಿಯ ದಿನಗಳಲ್ಲಿ ನಕ್ಕು ತಿದ್ದಿದ್ದ ತಪ್ಪೇ ಈಗ ಅವನನ್ನು ಹಿಡಿದುಕೊಡುತ್ತದೆ. ಅವಳೂ ತಮ್ಮಂದಿರೂ ಎಷ್ಟು ಬೇಡಿದರೂ ಅವನು ಜಗ್ಗದೆ ಒಬ್ಬನೇ ಬೀದಿಗಿಳಿಯುತ್ತಾನೆ. ಪಾನಗೃಹದಲ್ಲಿ ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದಾಗ ಕಾಣುವ ಸಂಖ್ಯೆ 22. ಹೂವಿನಂಗಡಿಯ ಗಾಜಿನಲ್ಲಿ ಬೆನ್ನ ಹಿಂದೆ ನಿಂತ ಮುಖಗಳು. ಮರುದಿನ ಅವನು ನ್ಯಾಯಾಸ್ಥಾನಕ್ಕೆ ನಡೆದು ಬರುತ್ತಾನೆ. ವಸಂತಸೇನೆ ವಧ್ಯಸ್ಥಾನಕ್ಕೆ ಓಡಿಬಂದಾಗ ಲೋಕ ಸರಿಹೋಯಿತೆಂಬ ಸಂತೋಷ ಉಕ್ಕುತ್ತದೆ. ಇಲ್ಲಿ ಸತ್ತವನು ಎದ್ದು ಬಂದರೂ ಸರಿಹೋಗುವುದು ಕಡಮೆ. ಇವರನ್ನು ಉಳಿಸಬೇಕೆಂದು ಬಂದವನಲ್ಲ ನಾನು, ನ್ಯಾಯದಲ್ಲಿ ನನಗಿದ್ದ ನಂಬಿಕೆ ಆ ರಾತ್ರಿಯೇ ಸುಟ್ಟುಹೋಯಿತೆಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ. ಆಮೇಲೆ ಪ್ರಣಯಿಗಳು ಅಲ್ಲಿಯೇ ಚುಂಬಿಸಿ ಚಿತ್ರ ಮುಗಿಯುತ್ತದೆ. ಆ ಚುಂಬನ ಲಾಂಗನಿಗೆ ಸಮ್ಮತವಾಗಿರಲಿಲ್ಲ. ಅದು ಸಂಸ್ಥೆಯವರ ಬಲವಂತ. ಪಾಯಸಕ್ಕೆ ಉಪ್ಪಿನಕಾಯಿ ನೆಂಚಿದಂತಿದೆ ಎಂದು ನಾನೂ ಹೇಳುತ್ತೇನೆ.

ಈ ಬಲವಂತದ ಮಾತು ಬಂದದ್ದರಿಂದ ಅಮೆರಿಕೆಯ ಚಿತ್ರೋದ್ಯಮದ ನಿಬಂಧನೆಗಳನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. 1930ರಲ್ಲಿ ಹಾಲಿವುಡ್ಡಿನವರು ತಮಗೆ ತಾವೇ ಒಂದು ನೀತಿಸಂಹಿತೆಯನ್ನು ವಿಧಿಸಿಕೊಂಡರು. 1934ರಿಂದ ಜೋಸೆಫ್ ಬ್ರೀನ್ ಎಂಬ ಅಧಿಕಾರಿಯ ಕೈಯಲ್ಲಿ ಅದು ಬಿಗಿಯಾಯಿತು. 1968ರಲ್ಲಿ ವಯೋಮಾನದ ವರ್ಗೀಕರಣ ಬರುವವರೆಗೂ ಜಾರಿಯಲ್ಲಿತ್ತು. ಪ್ರೇಕ್ಷಕನ ಸಹಾನುಭೂತಿ ಅಪರಾಧದ ಕಡೆಗೆ ತಿರುಗಕೂಡದು, ಅಪರಾಧಿಗೆ ಫಲ ತಪ್ಪಕೂಡದು ಎಂಬುದು ಅದರ ಸಾರ. ಹೇಳುವುದಕ್ಕೆ ಸುಲಭ. ಆದರೆ ಫಲವೆಂದರೆ ಯಾವ ಫಲ? ಪೋಲೀಸಿನ ಕೈಕೋಳವೇ, ನೇಣೇ, ಗುಂಡೇ? ನಿಬಂಧನೆಯ ಭಯದಿಂದ ಎಷ್ಟೋ ಚಿತ್ರಗಳು ಕೊನೆಯ ಐದು ನಿಮಿಷದಲ್ಲಿ ಅಪರಾಧಿಯನ್ನು ಅವಸರವಸರವಾಗಿ ಕೊಂದು ಕೈತೊಳೆದುಕೊಂಡವು. 1944ರಲ್ಲಿ ಲಾಂಗನೂ "ದಿ ವುಮನ್ ಇನ್ ದಿ ವಿಂಡೊ" ಎಂಬ ಚಿತ್ರದಲ್ಲಿ, ಕೊಲೆಯ ಬಲೆಯಲ್ಲಿ ಸಿಕ್ಕಿದ ಪ್ರಾಧ್ಯಾಪಕನನ್ನು ನಿದ್ರೆಯಿಂದ ಎಬ್ಬಿಸಿ, ಎಲ್ಲವೂ ಕನಸೆಂದು ಹೇಳಿ ಪಾರಾದನು. ಮರುವರ್ಷ ಅದೇ ಮೂವರು ಮುಖ್ಯನಟರನ್ನು ಇಟ್ಟುಕೊಂಡು ತೆಗೆದ "ಸ್ಕಾರ್ಲೆಟ್ ಸ್ಟ್ರೀಟ್" ಚಿತ್ರದಲ್ಲಿ ಕನಸಿನ ಬಾಗಿಲನ್ನು ಮುಚ್ಚಿದನು.

ಕ್ರಿಸ್ಟಫರ್ ಕ್ರಾಸ್ 25 ವರ್ಷ ಒಂದೇ ಅಂಗಡಿಯಲ್ಲಿ ಪ್ರಾಮಾಣಿಕವಾಗಿ ದುಡಿದು ಚಿನ್ನದ ಗಡಿಯಾರವನ್ನು ಬಹುಮಾನವಾಗಿ ಪಡೆದ ನಗದು ಗುಮಾಸ್ತ. ಮನೆಯಲ್ಲಿ ಹೆಂಡತಿ ಜಗಳಗಂಟಿ. ಭಾನುವಾರದ ಚಿತ್ರಲೇಖನವೊಂದೇ ಅವನಿಗೆ ಸಮಾಧಾನ. ಒಂದು ರಾತ್ರಿ ಬೀದಿಯಲ್ಲಿ ಪೆಟ್ಟು ತಿನ್ನುತ್ತಿದ್ದ ಕಿಟಿ ಎಂಬ ತರುಣಿಯನ್ನು ಕೊಡೆಯಿಂದ ಹೊಡೆದು ಬಿಡಿಸುತ್ತಾನೆ. ಹೊಡೆಯುತ್ತಿದ್ದವನು ಅವಳ ಪ್ರಿಯನೇ ಆದ ಜಾನಿ ಎಂಬುದು ಅವನಿಗೆ ತಿಳಿಯದು. ಇವನು ಧನಿಕ ಚಿತ್ರಕಾರನೆಂದು ಭ್ರಮಿಸಿ ಅವರಿಬ್ಬರೂ ಸುಲಿಯುತ್ತಾರೆ; ಇವನು ಅವಳಿಗಾಗಿ ಅಂಗಡಿಯ ಪೆಟ್ಟಿಗೆಯಿಂದ ಹಣ ಕದಿಯುತ್ತಾನೆ. ಇವನ ಚಿತ್ರಗಳು ಕಿಟಿಯ ಹೆಸರಿನಲ್ಲಿ ಮಾರಾಟವಾಗಿ ವಿಮರ್ಶಕರ ಹೊಗಳಿಕೆ ಪಡೆದಾಗಲೂ ಇವನಿಗೆ ಕೋಪವಿಲ್ಲ, ಸಂತೋಷವೇ! ಕೊನೆಗೊಂದು ದಿನ ಅವಳು ಇವನ ಪ್ರೇಮವನ್ನು ಕೇಳಿ ಗಹಗಹಿಸಿ ನಗುತ್ತಾಳೆ; ಮಂಜುಗಡ್ಡೆ ಒಡೆಯುವ ದಬ್ಬಳ ಕೈಗೆ ಸಿಕ್ಕುತ್ತದೆ. ಕೊಲೆಯ ಆಪಾದನೆ ಜಾನಿಯ ಮೇಲೆ ಬೀಳುತ್ತದೆ. ವಿಚಾರಣೆಯಲ್ಲಿ ಕ್ರಾಸ್ ತನಗೆ ಚಿತ್ರ ಬರೆಯುವುದೇ ಬಾರದೆಂದು ಪ್ರಮಾಣ ಮಾಡಿ ಹೇಳುತ್ತಾನೆ. ತನ್ನ ಜೀವನದ ಒಂದೇ ಸತ್ಯವನ್ನು ಸುಳ್ಳೆಂದು ಹೇಳಿ, ಆ ಸುಳ್ಳಿನಿಂದ ಇನ್ನೊಬ್ಬನನ್ನು ವಿದ್ಯುತ್ ಕುರ್ಚಿಗೆ ಕಳುಹಿಸುತ್ತಾನೆ. ಜಾನಿ ನೀಚನು, ಆದರೆ ಈ ಕೊಲೆಯನ್ನು ಮಾಡಿದವನಲ್ಲ. ಅವನು ಸಾಯುವುದಕ್ಕೆ ನಮಗೆ ದುಃಖವಾಗುವುದಿಲ್ಲವೆಂಬುದನ್ನು ಗಮನಿಸಬೇಕು. ಗುಂಪಿನ ನ್ಯಾಯಕ್ಕೂ ನಮ್ಮ ಮನಸ್ಸಿಗೂ ಇರುವ ಸಂಬಂಧ ಅಲ್ಲಿ ಮತ್ತೆ ಬಯಲಾಗುತ್ತದೆ.

ಕಾನೂನು ತಪ್ಪಿತು. ಅಪರಾಧಿ ಸ್ವತಂತ್ರನಾಗಿ ಓಡಾಡುತ್ತಾನೆ. ನೀತಿಸಂಹಿತೆಯವರು ಇದನ್ನು ಹೇಗೆ ಒಪ್ಪಿದರು? ಒಳಗಿನ ಶಿಕ್ಷೆಯೂ ಶಿಕ್ಷೆಯೇ ಎಂಬ ವಾದಕ್ಕೆ ಬ್ರೀನ್ ತಲೆಬಾಗಿದನು. ಚಿತ್ರದಲ್ಲಿಯೇ ರೈಲಿನಲ್ಲಿ ಪತ್ರಿಕೆಯವನೊಬ್ಬನು, ಪ್ರತಿಯೊಬ್ಬನ ಎದೆಯಲ್ಲಿಯೂ ಒಂದು ಪುಟ್ಟ ನ್ಯಾಯಾಸ್ಥಾನವುಂಟು, ಅಲ್ಲಿಂದ ಯಾರೂ ತಪ್ಪಿಸಿಕೊಳ್ಳಲಾರರೆಂಬ ಅಭಿಪ್ರಾಯವನ್ನು ಕ್ರಾಸನಿಗೆ ಹೇಳುತ್ತಾನೆ. ಆದರೂ 1946ರ ಜನವರಿಯಲ್ಲಿ ನ್ಯೂಯಾರ್ಕ್ ಪ್ರಾಂತದ ಪರಿಶೀಲಕರು ಚಿತ್ರವನ್ನು ನಿಷೇಧಿಸಿದರು. ಮಿಲ್ವಾಕಿ, ಅಟ್ಲಾಂಟಾ ನಗರಗಳೂ ಅದೇ ಹಾದಿ ಹಿಡಿದವು. ಕೈಕೋಳವಿಲ್ಲದ ಶಿಕ್ಷೆ ಅವರ ಕಣ್ಣಿಗೆ ಕಾಣಲಿಲ್ಲ. ಕೆಲವು ಭಾಗ ಕತ್ತರಿಸಿದ ಮೇಲೆ ನ್ಯೂಯಾರ್ಕಿನಲ್ಲಿ ಅನುಮತಿ ದೊರೆಯಿತು.

ಇದೇ ಕಥೆಯನ್ನು ಫ್ರಾನ್ಸಿನಲ್ಲಿ ಝಾನ್ ರೆನ್ವಾರ್ ಎಂಬ ಮಹಾನಿರ್ದೇಶಕನು 1931ರಲ್ಲಿ, ಎಂದರೆ "ಎಂ" ಹೊರಬಂದ ವರ್ಷವೇ, "ಲಾ ಷಿಯೆನ್" ಎಂಬ ಹೆಸರಿನಿಂದ ತೆಗೆದಿದ್ದನು. ಎರಡಕ್ಕೂ ಮೂಲ ಫ್ರೆಂಚಿನ ಲಾ ಫುಷಾರ್ದಿಯೇರನ ಕಾದಂಬರಿ. ರೆನ್ವಾರನ ಚಿತ್ರದ ಮೊದಲಲ್ಲಿಯೇ ಬೊಂಬೆಗಳು ಬಂದು, ಈ ಕಥೆಯಲ್ಲಿ ನೀತಿಯಿಲ್ಲವೆಂದು ಸಾರುತ್ತವೆ. ಅಲ್ಲಿಯೂ ನಾಯಕನು ತರುಣಿಯನ್ನು ಕೊಲ್ಲುತ್ತಾನೆ, ಅಲ್ಲಿಯೂ ತಪ್ಪಿಲ್ಲದವನ ತಲೆ ಹೋಗುತ್ತದೆ. ಆದರೆ ಮಿಷೆಲ್ ಸಿಮೋಂ ಅಭಿನಯಿಸಿದ ಆ ಮುದುಕ ಕೊನೆಯಲ್ಲಿ ಚಿಂದಿಯುಟ್ಟು ಅಲೆಯುವ ಭಿಕಾರಿಯಾದರೂ ಹಸನ್ಮುಖಿ. ತನ್ನದೇ ಚಿತ್ರ ಸಿರಿವಂತರ ಕಾರನ್ನು ಏರುತ್ತಿದ್ದರೂ ಅವನು ಅದನ್ನು ಗಮನಿಸುವುದಿಲ್ಲ. ಕೈಗೆ ಬಿದ್ದ ಅಲ್ಪ ಹಣದಿಂದ ಊಟ ಮಾಡೋಣವೆಂದು ಜೊತೆಗಾರನೊಡನೆ ನಗುತ್ತ ಹೋಗಿಬಿಡುತ್ತಾನೆ. ಎದೆಯೊಳಗಿನ ನ್ಯಾಯಾಸ್ಥಾನ ಅವನಲ್ಲಿ ಬಾಗಿಲನ್ನೇ ತೆರೆದಿಲ್ಲ. ನೋಡುವಾಗ ನಮಗೂ ನಗು ಬರುತ್ತದೆ, ನಕ್ಕ ಮೇಲೆ ಒಂದು ತರಹ ದಿಗಿಲಾಗುತ್ತದೆ. ಲೋಕದಲ್ಲಿ ಇಂಥವರು ಇಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಅಂತಸ್ಸಾಕ್ಷಿ ಎಲ್ಲರಿಗೂ ಸಮಾನವಾಗಿ ಹಂಚಿಕೆಯಾದ ಸೊತ್ತೆಂಬುದಕ್ಕೆ ಪ್ರಮಾಣವೇನಿದೆ? ಸತ್ಯದ ಲೆಕ್ಕದಲ್ಲಿ ರೆನ್ವಾರನೇ ಮುಂದೆ ಇರಬಹುದು. ಆದರೆ ಮನಸ್ಸು ಮತ್ತೆ ಮತ್ತೆ ಹಿಂದಿರುಗುವುದು ಲಾಂಗನ ಕ್ರಾಸನ ಕಡೆಗೆ.

ಆ ಕ್ರಾಸನು ಬಾಡಿಗೆಯ ಕತ್ತಲೆ ಕೋಣೆಯಲ್ಲಿ ಒಬ್ಬನೇ. ಸತ್ತ ಕಿಟಿಯ ಧ್ವನಿ ಜಾನಿಯನ್ನು ಪ್ರೇಮದಿಂದ ಕರೆಯುವುದು ಅವನ ಕಿವಿಗೆ ಕೇಳಿಸುತ್ತದೆ. ತಾನು ಕೊಂದು ಅವರಿಬ್ಬರನ್ನೂ ಎಂದೆಂದಿಗೂ ಒಂದುಗೂಡಿಸಿಬಿಟ್ಟೆನೆಂದು ತಿಳಿಯುತ್ತದೆ. "ಎಂ" ಚಿತ್ರದಲ್ಲಿ ಕುರುಡನ ಕಿವಿಗೆ ಬಿದ್ದು ಕೊಲೆಗಾರನನ್ನು ಹಿಡಿದುಕೊಟ್ಟ ಧ್ವನಿ ಇಲ್ಲಿ ಕೊಲೆಗಾರನ ಕಿವಿಯೊಳಗೇ ಸೇರಿಕೊಂಡಿದೆ. ಅವನು ನೇಣು ಹಾಕಿಕೊಳ್ಳುತ್ತಾನೆ. ನೆರೆಯವರು ಬಾಗಿಲು ಒಡೆದು ಬದುಕಿಸುತ್ತಾರೆ. ವರ್ಷಗಳು ಕಳೆಯುತ್ತವೆ. ಕ್ರಿಸ್ಮಸ್ ಹಬ್ಬದ ಚಳಿಯಲ್ಲಿ ಉದ್ಯಾನದ ಬೆಂಚಿನ ಮೇಲೆ ಮಲಗಿದ್ದ ಆ ಮುದುಕನನ್ನು ಇಬ್ಬರು ಪೋಲೀಸಿನವರು ಎಬ್ಬಿಸಿ ಕಳುಹಿಸುತ್ತಾರೆ. ಇವನು ಇಬ್ಬರನ್ನು ಕೊಂದೆನೆಂದು ಹೇಳಿಕೊಂಡು, ತನ್ನನ್ನು ಹಿಡಿದು ಶಿಕ್ಷಿಸಿರೆಂದು ಬೇಡುತ್ತ ತಿರುಗುವವನೆಂದು ಒಬ್ಬನು ಇನ್ನೊಬ್ಬನಿಗೆ ಹೇಳುತ್ತಾನೆ. ಅವನ ಮಾತನ್ನು ಯಾರೂ ನಂಬುವುದಿಲ್ಲ. ಚಿತ್ರಶಾಲೆಯ ಮುಂದೆ ಹಾದುಹೋಗುವಾಗ, ಅವನು ಬರೆದ ಕಿಟಿಯ ಭಾವಚಿತ್ರವನ್ನು ಹತ್ತು ಸಾವಿರ ಡಾಲರಿಗೆ ಮಾರಿ ಹೊರಕ್ಕೆ ಒಯ್ಯುತ್ತಿದ್ದಾರೆ. ಬೀದಿಯ ತುಂಬ ಹಬ್ಬದ ಜನ. ನಾವು ನೋಡುತ್ತಿದ್ದಂತೆಯೇ ಆ ಜನರೆಲ್ಲ ತೆರೆಯಿಂದ ಕರಗಿಹೋಗುತ್ತಾರೆ. ನಿರ್ಜನವಾದ ಮಹಾನಗರದ ಬೀದಿಯಲ್ಲಿ ಅವನೊಬ್ಬನೇ ಕಾಲೆಳೆಯುತ್ತ ನಡೆಯುತ್ತಿರುತ್ತಾನೆ, ಕಿವಿಯಲ್ಲಿ ಆ ಎರಡು ಧ್ವನಿಗಳೊಡನೆ.